ಬೀಗ ಹಾಕಿದ ಮನೆಯಿಂದ ನನ್ನದೇ ಫೋನು

ಮನುಷ್ಯ ದಿನವಿಡೀ ಮಾತಾಡುತ್ತಾನೆ, ಆದರೆ ತನ್ನ ಮಾತನ್ನು ತಾನೇ ಕೂತು ಕೇಳುವ ಕಷ್ಟ ಅವನಿಗಿರುವುದಿಲ್ಲ. ಅದನ್ನು ಮನೆಯವರಿಗೆ ಬಿಟ್ಟಿರುತ್ತಾನೆ. ನನಗೆ ಆ ಕಷ್ಟ ಬಂದದ್ದು ಹೋದ ಬೇಸಿಗೆಯಲ್ಲಿ, ಭದ್ರಾವತಿಯ ನ್ಯೂ ಟೌನ್‌ನಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು ಕೂತಿದ್ದಾಗ.

ಮೊದಲಿನಿಂದ ಹೇಳಬೇಕು. ವಿನೋಬನಗರದಲ್ಲಿ ನಮ್ಮ ಹಿಂದಿನ ರಸ್ತೆಯ ಮನೆಯೊಂದಕ್ಕೆ ಕಳ್ಳರು ನುಗ್ಗಿದರು. ಅಂದಿನಿಂದ ನನ್ನ ಹೆಂಡತಿ ಶಾರದ ಮನೆ ಖಾಲಿ ಬಿಡಲು ಒಪ್ಪಲಿಲ್ಲ. ಮದುವೆಗೆ ಅವಳು ಹೋದರೆ ಮನೆಗೆ ನಾನು, ತಿಥಿಗೆ ನಾನು ಹೋದರೆ ಮನೆಗೆ ಅವಳು. ಹೀಗಿರುವಾಗ ನ್ಯೂ ಟೌನ್‌ನಲ್ಲಿ ಒಬ್ಬಳೇ ಇರುವ ಅವಳ ತಂಗಿ ಲಲಿತಳಿಗೆ ಮಂಡಿ ಆಪರೇಷನ್ ಆಯಿತು. ಎಬ್ಬಿಸಿ ಕೂರಿಸಲು, ಬಚ್ಚಲಿಗೆ ನಡೆಸಲು ಎಂಟು ದಿನ ಯಾರಾದರೂ ಜೊತೆಗಿರಲೇಬೇಕು. ನಾನೋ ಬೆಳಗ್ಗೆ ಪೈಪಿನ ಅಂಗಡಿಗೆ ಹೋದರೆ ಸಂಜೆಯವರೆಗೂ ಬರುವವನಲ್ಲ. "ನೀವು ಅಂಗಡೀಲಿ, ನಾನು ಅಲ್ಲಿ, ಮನೆ ಯಾರ ಕೈಲಿ?" ಎಂದು ಶಾರದ ಅತ್ತಳು. ಅವಳನ್ನು ತಂಗಿಯ ಹತ್ತಿರ ಕಳಿಸಬೇಕೆಂದೇ ನಾನು ಒಂದು ಕಳ್ಳರ ಅಲಾರಂ ತಂದದ್ದು.

ಮಾರುವವನು ಹೇಳಿದ: ತಿಂಗಳು ತಿಂಗಳು ದುಡ್ಡು ಕಟ್ಟಿದರೆ ಎಲ್ಲೋ ಒಂದು ಆಫೀಸಿನಲ್ಲಿ ಕೂತವರು ನಮ್ಮ ಮನೆಯನ್ನು ಹಗಲಿರುಳು ಗಮನಿಸುತ್ತಾರೆ. ಕಟ್ಟದಿದ್ದರೆ, ಮನೆಯೊಳಗೆ ಏನಾದರೂ ಅಲ್ಲಾಡಿದ ಕೂಡಲೆ ಯಂತ್ರವೇ ನಮ್ಮವರಿಗೆ ಫೋನ್ ಮಾಡಿ ನಾವು ಮೊದಲೇ ಹೇಳಿಟ್ಟ ಮಾತನ್ನು ಕೇಳಿಸುತ್ತದೆ. ಒಂದು ಸಲ ಕೇಳಿಸಿದ ಮೇಲೆ, ನಾವು ಮತ್ತೆ ಹಾಕುವವರೆಗೂ ಸುಮ್ಮನಿರುತ್ತದೆ. ಗುರುತಿಲ್ಲದವರು ನಮ್ಮ ಮನೆ ಯಾಕೆ ಕಾಯಬೇಕು ಎಂದು ನಾನು ಎರಡನೆಯದನ್ನೇ ಆರಿಸಿಕೊಂಡೆ. ಮೂವತ್ತೆಂಟನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನಾದ್ದರಿಂದ ಅಚ್ಚಾದ ಪುಸ್ತಕವೆಂದರೆ ನನಗೆ ಭಕ್ತಿ. ಜೊತೆಗೆ ಬಂದ ಪುಸ್ತಕವನ್ನು ಮೂರು ಸಲ ಓದಿದೆ. ಕಳ್ಳನಿಗೆ ಸುಳಿವು ಸಿಗದಿರಲೆಂದು ಸೈರನ್ ತೆಗೆಸಿದೆ. ನನ್ನ, ಶಾರದಳ, ಪಕ್ಕದ ಮನೆಯ ಗಂಗಾಧರಪ್ಪನವರ ನಂಬರು ಹಾಕಿದೆ. ಆಮೇಲೆ ಯಂತ್ರದ ಮುಂದೆ ನಿಂತು, ನಿಜಕ್ಕೂ ಕಳ್ಳ ಬಂದಿರುವಂತೆ ನಡುಗುತ್ತ ಹೇಳಿದೆ: "ನಾನೇ ಮಾತಾಡ್ತಿರೋದು. ಮನೆಯೊಳಗೆ ಯಾರೋ ಇದ್ದಾರೆ. ಬೇಗ ಬನ್ನಿ." ಹಿಂದೆ ನಿಂತ ಶಾರದ ಪಿಸುಗುಟ್ಟಿದಳು: "ಮೆಲ್ಲಗೆ ಹೇಳಿ, ಅವನಿಗೆ ಕೇಳ್ಸುತ್ತೆ." ಅದೂ ದಾಖಲಾಯಿತು. ಅಳಿಸುವ ಪುಟ ಪುಸ್ತಕದಲ್ಲಿರಲಿಲ್ಲ.

ಆ ದಿನ ಅಂಗಡಿಗೆ ರಜೆ ಹಾಕಿ ಶಾರದಳನ್ನು ಸ್ಕೂಟರಿನಲ್ಲಿ ಲಲಿತಳ ಮನೆಗೆ ಬಿಟ್ಟು, ಊಟ ಮಾಡಿ ಕೂತಿದ್ದೆ. ಫೋನ್ ಬಂತು. ಆ ಕಡೆಯಿಂದ ಯಾರೋ ಹೆದರಿ ಸತ್ತ ದನಿಯಲ್ಲಿ "ಮನೆಯೊಳಗೆ ಯಾರೋ ಇದ್ದಾರೆ" ಎಂದರು. ಪಾಪ, ಯಾರಪ್ಪ ಇವನು ಎಂದುಕೊಂಡೆ. ನಾನೇ ಎಂದು ತಿಳಿಯಲು ಒಂದು ಗುಟುಕು ಮಜ್ಜಿಗೆ ಹಿಡಿಯಿತು. ಅಷ್ಟರಲ್ಲಿ ಒಳಗಿನಿಂದ ಶಾರದ ತನ್ನ ಫೋನನ್ನು ಹಾವು ಹಿಡಿದಂತೆ ದೂರ ಹಿಡಿದುಕೊಂಡು ಬಂದಳು. "ರೀ, ನಮ್ಮನೇಲಿ ನಾನು ಪಿಸುಗುಡ್ತಿದ್ದೀನಿ!"

"ಅದು ಮೆಷಿನ್ನು ಕಣೇ" ಎಂದೆ.

"ಮೆಷಿನ್ ಸುಮ್‌ಸುಮ್ನೆ ಮಾಡುತ್ತಾ? ಏನೋ ಅಲ್ಲಾಡಿದೆ. ನಾನೂ ಬರ್ತೀನಿ ನಡೀರಿ."

ಮಂಚದ ಮೇಲಿಂದ ಲಲಿತ "ಹೋಗಕ್ಕ, ನಾನು ಹೆಂಗೋ ಆಗ್ತೀನಿ" ಎಂದು ಎದ್ದು ಕೂರಲು ಹೋಗಿ ಹಲ್ಲು ಕಚ್ಚಿಕೊಂಡಳು. ನೋಡಲಾಗಲಿಲ್ಲ. ನಾನೊಬ್ಬನೇ ಹೋಗುವುದೆಂದಾಯಿತು. ಶಾರದ ಹೊಸಿಲಲ್ಲಿ ನಿಂತು ಹೇಳಿದಳು: "ಇನ್ನೊಂದ್ಸಲ ಅದು ನಂಗೆ ಫೋನ್ ಮಾಡ್ತೋ, ಮುಂದಿನ ಬಸ್ಸಿಗೇ ವಾಪಸ್ ಬರ್ತೀನಿ."

ನಮ್ಮೂರಿಗೆ ಅರ್ಧ ದಾರಿಯ ಮಾಚೇನಹಳ್ಳಿ ದಾಟುವ ಹೊತ್ತಿಗೆ ಗಂಗಾಧರಪ್ಪನವರ ಫೋನು. ಸ್ಕೂಟರ್ ನಿಲ್ಲಿಸಿದೆ.

"ಏನ್ ಮಾರಾಯ್ರೇ, ಬೇಗ ಬನ್ನಿ ಅಂತೀರಿ, ಬಂದ್ರೆ ಬಾಗ್ಲೇ ತೆಗ್ಯಲ್ಲ?"

"ನಾನು ಮನೇಲಿಲ್ಲ. ದಾರೀಲಿದ್ದೀನಿ."

"ತಮಾಷೆ ಬೇಡ. ಕಿಟಕೀಲಿ ಕಾಣ್ತಿದ್ದೀರಿ. ಕುರ್ಚೀಲಿ ಆ ಕಡೆ ಮುಖ ಮಾಡ್ಕೊಂಡು ಕೂತಿದ್ದೀರಿ. ಅದೇ ಚೌಕಳಿ ಶರ್ಟು."

"ಏನು ಮಾಡ್ತಿದ್ದೀನಿ ನಾನು?" ಎಂದು ಕೇಳಿದೆ.

"ಏನಿಲ್ಲ. ಕರೆದ್ರೆ ಸುಮ್ನೆ ತಲೆ ಆಡಿಸ್ತೀರಿ." ಅವರ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ನೀವು ನಿಜವಾಗ್ಲೂ ದಾರೀಲಿದ್ದೀರಾ?"

ಉಳಿದ ದಾರಿಯನ್ನು ಹೇಗೆ ಸವೆಸಿದೆನೋ ತಿಳಿಯದು. ಬಾಗಿಲು ತೆರೆದಾಗ ಗಂಗಾಧರಪ್ಪ ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಂತರು. ಫ್ಯಾನು ತಿರುಗುತ್ತಿತ್ತು. ಕುರ್ಚಿಯಲ್ಲಿ ನನ್ನ ಶರ್ಟು, ನನ್ನ ಮಂಕಿ ಕ್ಯಾಪು, ನನ್ನದೇ ಕುಗ್ಗಿದ ಭುಜ. "ಯಾರಪ್ಪ ಅದು?" ಎಂದೆ. ಅದು ನಿಧಾನವಾಗಿ ತಲೆ ಆಡಿಸಿತು. ಹತ್ತಿರ ಹೋಗಿ ಮುಟ್ಟಿದೆ. ಮೈ ಬೆಚ್ಚಗಿತ್ತು.

ದಿಂಬು. ಶಾರದಳಿಗೆ ಫೋನ್ ಮಾಡಿದೆ.

"ಅಯ್ಯೋ, ಅದು ನಾನೇ ಕೂರ್ಸಿದ್ದು!" ಎಂದಳು. "ನಿಮ್ಮ ಮೆಷಿನ್ ನಂಬ್ಕೊಂಡು ಹೋಗೋಕಾಗುತ್ತಾ? ಗದ್ದೇಲಿ ಬೆದರುಬೊಂಬೆ ನಿಲ್ಸಲ್ವಾ, ಹಂಗೆ. ಒಳಗೆ ಗಂಡಸಿದ್ದಾನೆ ಅನ್ಸಲಿ ಅಂತ ಫ್ಯಾನ್ ಸ್ವಿಚ್ಚೂ ಹಾಕಿಟ್ಟೆ. ಆಗ ಕರೆಂಟ್ ಇರ್ಲಿಲ್ಲ."

ಮೂರಕ್ಕೆ ಕರೆಂಟು ಬಂದಿದೆ. ಕಿಟಕಿಯ ಬಿಸಿಲಿಗೆ ಕಾದ ದಿಂಬು ಗಾಳಿಗೆ ತೂಗಿದೆ. ಬೆಚ್ಚಗಿದ್ದು ಅಲ್ಲಾಡಿದರೆ ಯಂತ್ರಕ್ಕೆ ಅದು ಮನುಷ್ಯನೇ. ಗಂಗಾಧರಪ್ಪ ನಗುತ್ತ ಹೋದರು. ಹೋಗುವಾಗ "ಮನೇಲಿ ಜಗಳ ಆಗಿರ್ಬೇಕು, ಅದಕ್ಕೇ ಮಾತಾಡ್ತಿಲ್ಲ ಅನ್ಕೊಂಡೆ ಮಾರಾಯ್ರೇ" ಎಂದರು.

ಇನ್ನು ಅದು ಸುಳ್ಳು ಫೋನ್ ಮಾಡುವುದಿಲ್ಲ ಎಂಬ ಖಾತ್ರಿ ನನಗೆ ಬೇಕಿತ್ತು. ದಿಂಬು ತೆಗೆದೆ, ಫ್ಯಾನ್ ಆರಿಸಿದೆ, ಅಲಾರಂ ಹಾಕಿ ಹೊರಗೆ ನಿಂತು ನೋಡೋಣವೆಂದುಕೊಂಡೆ. ಸಂಜೆಯಾಗಿತ್ತು. ಬಾಗಿಲ ಬಳಿಯ ರಿಮೋಟ್ ಒತ್ತಿ, ಮೊಳೆಗೆ ನೇತುಹಾಕಿದೆ. ಹೊರಹೋಗಲು ಅರ್ಧ ನಿಮಿಷ ಸಮಯವಿರುತ್ತದೆ. ಕಾಲು ಸೋತಿತ್ತು. ಒಂದು ಗಳಿಗೆ ಎಂದು ಕುರ್ಚಿಯಲ್ಲಿ ಕೂತೆ.

ಟಕ್ ಎಂದಿತು. ಗೋಡೆಯ ಮೇಲೆ ಅಲಾರಂನ ಕೆಂಪು ದೀಪ ಹೊತ್ತಿತು.

ರಿಮೋಟ್ ಎಂಟು ಹೆಜ್ಜೆ ದೂರ. ನಾನು ಎದ್ದರೆ ಭದ್ರಾವತಿಯಲ್ಲಿ ಶಾರದ ಏಳುತ್ತಾಳೆ, ಲಲಿತ ಒಬ್ಬಳೇ ಮಂಚದಲ್ಲಿ ಉಳಿಯುತ್ತಾಳೆ. ಉಸಿರು ಸಣ್ಣದು ಮಾಡಿ ಕೂತೆ. ಕೋಣೆ ಮಬ್ಬಾಗುತ್ತ ಬಂತು. ಜೇಬಿನಲ್ಲಿ ಫೋನು ಬಡಿದುಕೊಂಡು, ನಿಂತಿತು. ಆ ದೀಪ ನನ್ನನ್ನು ನೋಡುತ್ತಿತ್ತು, ನಾನು ದೀಪವನ್ನು.

ಸ್ವಲ್ಪ ಹೊತ್ತಿನಲ್ಲಿ ಕಿಟಕಿಯ ಹೊರಗೆ ಚಪ್ಪಲಿ ಸದ್ದಾಯಿತು. ಸರಳಿಗೆ ಮುಖವಿಟ್ಟು ಗಂಗಾಧರಪ್ಪ ಬಹಳ ಹೊತ್ತು ನನ್ನ ಬೆನ್ನನ್ನೇ ನೋಡಿದರೆಂದು ಕಾಣುತ್ತದೆ. ಆಮೇಲೆ ಅವರು ಫೋನಿನಲ್ಲಿ ಹೇಳುವುದು ಕೇಳಿಸಿತು:

"ಇಲ್ಲ ಶಾರದಮ್ಮ, ಅವ್ರೆಲ್ಲೋ ಹೊರಗೆ ಹೋಗಿರ್ಬೇಕು. ಮನೇಲಿ ಯಾರೂ ಇಲ್ಲ. ನಿಮ್ಮ ಗೊಂಬೆ ಒಂದು ಕೂತಿದೆ ಅಷ್ಟೆ. ಮಧ್ಯಾಹ್ನ ತಲೆನಾದ್ರೂ ಆಡಿಸ್ತಿತ್ತು, ಈಗ ಅದೂ ಇಲ್ಲ. ನೀವು ಏನೂ ಯೋಚ್ನೆ ಮಾಡ್ದೆ ಅಲ್ಲೇ ಇರಿ."

ಶಾರದ ಅಲ್ಲೇ ಇದ್ದಳು. ಯಂತ್ರವೂ ಅವರ ಮಾತನ್ನು ಒಪ್ಪಿಕೊಂಡಿತ್ತು.