ಲಾವೋಸಿನಲ್ಲಿ ಸೀಟು ಹಿಡಿದ ಮೇಷ್ಟ್ರು

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ಮೃತ್ಯುಂಜಯ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಪಕ್ಕದಲ್ಲಿ ಓಡಿ, ಕಿಟಕಿಯೊಳಗೆ ಟವೆಲ್ಲನ್ನೋ ಬ್ಯಾಗನ್ನೋ ಎಸೆದರೆ ಮುಗಿಯಿತು, ಸೀಟು ಅವರದ್ದು. ಆಮೇಲೆ ನೂಕುನುಗ್ಗಲೆಲ್ಲ ಕರಗಿದ ಮೇಲೆ, ಮದುವೆ ಮನೆಗೆ ಬಂದ ಬೀಗರ ಹಾಗೆ ನಿಧಾನವಾಗಿ ಹತ್ತುತ್ತಿದ್ದರು. ಚಾಮರಾಜನಗರಕ್ಕೆ ಇಪ್ಪತ್ತು ವರ್ಷ ಓಡಾಡಿ ಕಲಿತ ಈ ವಿದ್ಯೆ ಅವರ ತಲೆಯಲ್ಲಿರಲಿಲ್ಲ, ಕೈಯಲ್ಲಿತ್ತು. ತಲೆಯಲ್ಲಿದ್ದಿದ್ದರೆ ಒಂದು ಕ್ಷಣ ಯೋಚನೆಯಾದರೂ ಮಾಡುತ್ತಿದ್ದರು.

ಬೆನ್ನಿಗೊಂದು ಬ್ಯಾಗು ಏರಿಸಿ ದೇಶ ಸುತ್ತುವ ಹುಡುಗರ ವಿಡಿಯೊಗಳನ್ನು ನೋಡಿ ನೋಡಿ ನಲವತ್ತೆಂಟರ ಮೇಷ್ಟ್ರಿಗೂ ಹುರುಪು ಹತ್ತಿತ್ತು. ದಸರಾ ರಜೆಗೆ ತಮ್ಮದೇ ಶಾಲೆಯ ಪಿ.ಟಿ. ಮಾಸ್ತರ್ ಸುನೀಲ್ ಕುಮಾರನನ್ನು ಕಟ್ಟಿಕೊಂಡು ಲಾವೋಸ್ ದೇಶಕ್ಕೆ ಹಾರಿದರು. ಅಲ್ಲಿ ಒಂದು ವಾರ ಬಸ್ಸಿನಿಂದ ಬಸ್ಸಿಗೆ ಬಿದ್ದು ಸೊಂಟ ಹಿಡಿದುಹೋಯಿತು. ಇಷ್ಟೇ ಕುಲುಕಾಟ ಬೇಕಿದ್ದರೆ ಭೀಮನಬೀಡಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿದ್ದರೆ ಸಾಕಿತ್ತಲ್ಲ, ಪಾಸ್‌ಪೋರ್ಟ್ ಯಾಕೆ ಬೇಕಿತ್ತು ಎಂದು ತಮ್ಮನ್ನು ತಾವೇ ಬೈದುಕೊಂಡರು.

ಉಳಿದಿದ್ದು ಒಂದೇ ಪ್ರಯಾಣ. ದಕ್ಷಿಣದ ಪಾಕ್ಸೆ ಎಂಬ ಊರಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಹನ್ನೆರಡು ಗಂಟೆಯಲ್ಲಿ ರಾಜಧಾನಿ ವಿಯೆಂಟಿಯಾನ್. ಅಲ್ಲಿಂದ ಮರುದಿನ ಮಧ್ಯಾಹ್ನ ವಿಮಾನ. ಸೋಮವಾರ ಶಾಲೆ.

ಎಂಟು ಗಂಟೆಗೇ ನಿಲ್ದಾಣದಲ್ಲಿದ್ದರು. ಸುನೀಲ್ ಶೌಚಾಲಯ ಹುಡುಕಿಕೊಂಡು ಹೋದ. ಅಷ್ಟರಲ್ಲಿ ಒಂದು ಹಳೇ ಬಸ್ಸು ಹೊಗೆ ಕಾರುತ್ತ ಒಳಗೆ ತಿರುಗಿತು. ಹತ್ತಾರು ಜನ ಮೂಟೆ, ಕೋಳಿ ಸಮೇತ ಅದರತ್ತ ಓಡಿದರು. ಅಷ್ಟೇ. ಮೇಷ್ಟ್ರ ಕಾಲು ಓಡಿತು, ಕೈ ಬೆನ್ನಿನ ಬ್ಯಾಗನ್ನು ಕಿತ್ತಿತು, ತೆರೆದ ಕಿಟಕಿಯೊಳಗೆ ಎಸೆಯಿತು. ಗುರಿ ತಪ್ಪಲಿಲ್ಲ. ಒಳಗಿದ್ದ ಮುದುಕಿಯೊಬ್ಬಳು ಕಿರುಚಿದಳು.

ಮೇಷ್ಟ್ರು ಬೆವರೊರೆಸಿಕೊಂಡು ಹೆಮ್ಮೆಯಿಂದ ತಿರುಗಿದಾಗ ಸುನೀಲ್ ಓಡಿಬಂದ.

"ಸಾರ್, ಯಾಕ್ ಸಾರ್ ಎಸುದ್ರಿ? ನಮ್ದು ನಂಬರ್ ಸೀಟು! ಅದು ನಮ್ ಬಸ್ಸೇ ಅಲ್ಲ!"

ಆ ಬಸ್ಸು ನಿಂತಿದ್ದು ಎರಡೇ ನಿಮಿಷ. ಮೇಷ್ಟ್ರು "ಏಯ್! ಓಲ್ಡಾನ್! ರೈಟ್ ಅನ್ಬೇಡ!" ಎಂದು ಕೂಗುತ್ತಿರುವಂತೆಯೇ ಅದು ತೆಂಕಣ ದಿಕ್ಕಿಗೆ ಹೊರಟೇ ಹೋಯಿತು. ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇತ್ತು. ಅದಿಲ್ಲದೆ ವಿಮಾನವಿಲ್ಲ, ವಿಮಾನವಿಲ್ಲದೆ ಊರಿಲ್ಲ. ಮೇಷ್ಟ್ರು ಅತ್ತಿತ್ತ ಆಟೋ ಹುಡುಕಿದರು.

"ನಾನು ಆಟೋದಲ್ಲಿ ಅದರ ಹಿಂದೆ ಓಗ್ತೀನಿ. ನೀನ್ ಇಲ್ಲೇ ಇರು, ನಮ್ಮ ಬಸ್ ಬಂದ್ರೆ ನಿಲ್ಸು ಕಣಪ್ಪಾ," ಎಂದು ಅಲ್ಲಿಯ ಆಟೋ ಹತ್ತಿದರು. ಮುಂದೆ ಹೋದ ಬಸ್ಸನ್ನು ತೋರಿಸಿ, ಎರಡೂ ಕೈ ಮುಗಿದರು. ಭಾಷೆ ಬರದಿದ್ದರೂ ಚಾಲಕನಿಗೆ ಅರ್ಥವಾಯಿತು.

ಇಲ್ಲಿಗೆ ಒಂದು ಕಷ್ಟವಾಗಿತ್ತು. ಆಗಲೇ ಹೆಂಡತಿ ಶಶಿರೇಖಾಳ ವಿಡಿಯೊ ಕಾಲ್ ಬಂದು ಅದು ಹತ್ತು ಕಷ್ಟವಾಯಿತು. ಮೇಷ್ಟ್ರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ರೀ, ಪಾಸ್‌ಪೋರ್ಟ್ ಎಸುದ್‌ಬುಟ್ರಾ?" ಎಂದು ಅವಳು ಕೂಗಿದ್ದು ಬೀದಿಗೆಲ್ಲ ಕೇಳಿತು. ಹಾಲಿಗೆ ಬಂದಿದ್ದ ಪಕ್ಕದ ಮನೆಯ ಮಂಚಮ್ಮ ಪಾತ್ರೆ ಸಮೇತ ಪರದೆಯೊಳಗೆ ಇಣುಕಿದಳು. ಹಿಂದೆಯೇ ಎದುರು ಮನೆಯ ಮಾದಣ್ಣ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದ. ಮಾದಣ್ಣ ನಿವೃತ್ತ ಬಸ್ ಕಂಡಕ್ಟರ್. ಪ್ರಪಂಚದ ಯಾವ ಬಸ್ಸಿನ ವಿಚಾರಕ್ಕೂ ತನ್ನದೇ ಕೊನೆಯ ಮಾತು ಎಂಬುದು ಅವನ ನಂಬಿಕೆ.

"ಎದ್ರುಕೋಬ್ಯಾಡಿ ಸಾ," ಎಂದ, ನೊರೆ ಉಗಿದು. "ಅದು ಶಟ್ಲ್ ಗಾಡಿ, ಎಲ್ಲಾ ಸ್ಟಾಪಲ್ಲೂ ನಿಲ್ಸ್ತಾನೆ. ಆಟೋ ಡ್ರೈವರ್ ಕೈಗೆ ಫೋನ್ ಕೊಡಿ, ನಾನ್ ಮಾತಾಡ್ತೀನಿ."

"ಅವನಿಗೆ ಕನ್ನಡ ಬರಾಕಿಲ್ಲ ಮಾದಣ್ಣ."

"ಮಲಯಾಳದಲ್ಲಿ ಮಾತಾಡ್ತೀನಿ ಕೊಡಿ ಸಾ!"

ಗುಂಡ್ಲುಪೇಟೆಯ ಆಚೆಗೆ ಇರುವ ಲೋಕವೆಲ್ಲ ಮಲಯಾಳಂ ಎಂದು ಮಾದಣ್ಣ ತಿಳಿದಿದ್ದ. ಲಾವೋಸಿನ ಆಟೋ ಚಾಲಕನಿಗೆ ಐದು ನಿಮಿಷ ಮಲಯಾಳಂ, ಅದು ನಾಟದಿದ್ದಾಗ ಮೂರು ನಿಮಿಷ ತಮಿಳು ಕೇಳಿಸಲಾಯಿತು. ಪಾಪ ಅವನು ಗಾಡಿ ನಿಲ್ಲಿಸಿ, ಫೋನಿಗೆ ನಮಸ್ಕಾರ ಮಾಡಿ ವಾಪಸ್ಸು ಕೊಟ್ಟ. ಆ ಹೊತ್ತಿಗೆ ಮುಂದೆ ಹೋಗುತ್ತಿದ್ದ ಬಸ್ಸು ಕಣ್ಣಿಗೆ ಮರೆಯಾಗಿತ್ತು.

"ಮಾದಪ್ಪನಿಗೆ ಮುಡುಪು ಕಟ್ಟಿ ಮೇಷ್ಟ್ರೇ, ಎಲ್ಲೂ ಓಗಾಕಿಲ್ಲ," ಎಂದಳು ಮಂಚಮ್ಮ.

"ಚಡ್ಡಿ ಜೇಬಲ್ಲಿ ಇಟ್ಕೊಳಿ ಅಂತ ನಾನ್ ಬಡ್ಕಂಡೆ," ಎಂದು ಶಶಿರೇಖಾ ಅಳತೊಡಗಿದಳು. ಅವಳನ್ನು ಸಮಾಧಾನ ಮಾಡುತ್ತ, ಮಾದಣ್ಣನಿಗೆ ಅತ್ತಿತ್ತಲಿನ ರಸ್ತೆ ತೋರಿಸುತ್ತ, ಮಂಚಮ್ಮನಿಗೆ ಅಲ್ಲಿಯ ಎಮ್ಮೆ ತೋರಿಸುತ್ತ ಹೋಗುವಷ್ಟರಲ್ಲಿ ಫೋನಿನ ಬ್ಯಾಟರಿ ಸತ್ತಿತು. ಮೇಷ್ಟ್ರಿಗೆ ಒಂದು ಕ್ಷಣ ಸುಖವಾಯಿತು.

ಮೂವತ್ತು ಕಿಲೋಮೀಟರ್ ಆದಮೇಲೆ, ಒಂದು ಸಂತೆಯ ಹತ್ತಿರ ಬಸ್ಸು ಸಿಕ್ಕಿತು. ಮೇಷ್ಟ್ರು ಹತ್ತಿ ನೋಡಿದರೆ ಬ್ಯಾಗಿಲ್ಲ. ತಲೆಗೆ ಬ್ಯಾಗು ಬಡಿಸಿಕೊಂಡ ಮುದುಕಿ ಅವರನ್ನು ಗುರುತು ಹಿಡಿದು, ಹಣೆಯ ಮೇಲೆ ಎದ್ದ ಬುಗುಟು ತೋರಿಸಿ ಚೆನ್ನಾಗಿ ಬೈದಳು. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ. ಕಂಡಕ್ಟರ್ ಮಾತ್ರ ನಗುತ್ತ, ಬೆನ್ನು ಮುಟ್ಟಿ, ಎದುರಿನಿಂದ ಬರುವ ಬಸ್ಸನ್ನು ಕೈಯಲ್ಲೇ ಬರೆದು, ಪಾಕ್ಸೆಯ ಕಡೆ ಬೆರಳು ಮಾಡಿದ. ಯಾರೋ ಮರೆತ ಬ್ಯಾಗೆಂದು ದಾರಿಯಲ್ಲಿ ಸಿಕ್ಕಿದ ಎದುರು ಬಸ್ಸಿಗೆ ಕೊಟ್ಟು ನಿಲ್ದಾಣಕ್ಕೇ ಕಳಿಸಿದ್ದ!

ಮೇಷ್ಟ್ರ ಕಣ್ಣು ತುಂಬಿತು. ಎಂಥ ಪ್ರಾಮಾಣಿಕ ಜನ! ಆತನ ಕೈ ಹಿಡಿದು ಕುಲುಕಿದರು, ಮುದುಕಿಯ ಕಾಲಿಗೂ ಬಿದ್ದರು, ಅದೇ ಆಟೋದಲ್ಲಿ ಹಿಂದಕ್ಕೆ ಓಡಿದರು. ದಾರಿಯುದ್ದಕ್ಕೂ, ಇನ್ನು ಜನ್ಮದಲ್ಲಿ ಕಿಟಕಿಯೊಳಗೆ ಕರ್ಚೀಫನ್ನೂ ಎಸೆಯುವುದಿಲ್ಲವೆಂದು ಮಲೆಯ ಮಾದಪ್ಪನಿಗೆ ಮಾತು ಕೊಟ್ಟರು.

ನಿಲ್ದಾಣ ತಲುಪಿದಾಗ ಹತ್ತು ಗಂಟೆ. ಸುನೀಲ್ ಇಲ್ಲ. ಬಸ್ಸೂ ಇಲ್ಲ. ಸುಟ್ಟ ಕೋಳಿ ಮಾರುವ ಹೆಂಗಸೊಬ್ಬಳು ವಿಯೆಂಟಿಯಾನ್ ದಿಕ್ಕಿಗೆ ಕೈಬೀಸಿ, ಆಯಿತು, ಹೋಯಿತು ಎಂಬಂತೆ ಅಂಗೈ ತೋರಿಸಿದಳು. ಮುಂದಿನ ಬಸ್ಸಿನ ಹೊತ್ತು ಕೇಳಿದ್ದಕ್ಕೆ ಕೆನ್ನೆಗೆ ಎರಡೂ ಕೈ ಇಟ್ಟು ಮಲಗಿ, ಎದ್ದು ತೋರಿಸಿದಳು. ನಾಳೆ ಬೆಳಿಗ್ಗೆ! ಅದು ವಿಯೆಂಟಿಯಾನ್ ಮುಟ್ಟುವಷ್ಟರಲ್ಲಿ ವಿಮಾನ ಆಕಾಶದಲ್ಲಿರುತ್ತದೆ.

ಅವಳ ಅಂಗಡಿಯಲ್ಲೇ ಫೋನಿಗೆ ಚಾರ್ಜು ಹಾಕಿ ಕೂತರು. ಫೋನಿಗೆ ಜೀವ ಬಂದೊಡನೆ ಸುನೀಲನ ಹನ್ನೊಂದು ಮಿಸ್ಡ್ ಕಾಲ್, ಒಂದು ಫೋಟೊ, ಒಂದು ಮೆಸೇಜು.

"ಸಾರ್, ಬ್ಯಾಗ್ ಬಂತು. ನಿಮ್ ಫೋನ್ ಸ್ವಿಚಾಫ್. ಮನೆಗೆ ಫೋನ್ ಮಾಡ್ದೆ, ಮಾದಣ್ಣೋರು ಸಿಕ್ಕುದ್ರು. 'ನೀವ್ ಗಾಡಿ ಬುಡುಸ್ಕೊಂಡು ಓಗಿ, ಮೇಷ್ಟ್ರು ದಾರೀಲಿ ಕೈ ಅಡ್ಡ ಹಾಕಿ ಅತ್ಕೋತಾರೆ, ನಮ್ ಹಂಗಳದ ರೋಡಲ್ಲಿ ಜನ ಅತ್ತಾಕಿಲ್ವಾ' ಅಂದ್ರು. ಒಂದು ಗಂಟೆಯಿಂದ ಕಿಟಕೀಲಿ ನೋಡ್ತಾನೇ ಇವ್ನಿ. ಎಲ್ಲಿದ್ದೀರಾ ಸಾರ್?"

ಮೇಷ್ಟ್ರು ಹೋಗಿದ್ದು ತೆಂಕಣಕ್ಕೆ, ಆ ಬಸ್ಸು ಹೋಗುತ್ತಿದ್ದುದು ಬಡಗಣಕ್ಕೆ. ಅಡ್ಡ ಹಾಕಲು ಅಷ್ಟು ಉದ್ದದ ಕೈ ಯಾರಿಗಿದೆ?

ಫೋಟೊ ತೆರೆದರು. ಒಂಬತ್ತನೇ ನಂಬರಿನ ಕಿಟಕಿ ಪಕ್ಕದ ಸೀಟಿನಲ್ಲಿ ಅವರ ಬ್ಯಾಗು ಒರಗಿ ಕೂತಿತ್ತು. ಬಸ್ಸಿನವರು ಅದಕ್ಕೊಂದು ನೀರಿನ ಬಾಟಲಿ, ಒಂದು ಬ್ರೆಡ್ಡಿನ ಪೊಟ್ಟಣವನ್ನೂ ಕೊಟ್ಟಿದ್ದರು. ಎ.ಸಿ.ಯ ಚಳಿಗೆಂದು ಹೊದಿಕೆ ಹೊದಿಸಿದ್ದರು.

ಮತ್ತೆ ವಿಡಿಯೊ ಕಾಲ್ ಬಂತು. ಈಗ ಪರದೆ ತುಂಬ ಬೀದಿಯವರ ಮುಖಗಳೇ. ಫೋಟೊ ಅವರಿಗೂ ತಲುಪಿತ್ತು. ಎಲ್ಲರಿಗಿಂತ ಮುಂದೆ, ಕೆಲಸ ಸಾಧಿಸಿದವನ ನಗೆಯಲ್ಲಿ, ಮಾದಣ್ಣ ನಿಂತಿದ್ದ.

"ನೋಡುದ್ರಾ ಸಾ, ನಿಮ್ ಕೈಗುಣಾನ? ಪರದೇಶದಲ್ಲೂ ಕಿಟಕಿ ಸೀಟೇ ಇಡುದ್‌ಬುಟ್ರಿ!"