ಒಂದು ನಿಮಿಷದ ಮಾತು

ಮಗ್ಗದ ಮುಂದೆ ಕೂತವನನ್ನು ಎಬ್ಬಿಸಿ ಮಾತಾಡಲು ಕಳಿಸಿದರೆ ಇಂಥವು ಆಗುತ್ತಲೇ ಇರುತ್ತವೆ, ತಪ್ಪು ನನ್ನದಲ್ಲ. ಕೊಳ್ಳೇಗಾಲದಲ್ಲಿ ನಮ್ಮದು ಎರಡು ಮಗ್ಗ. ಒಂದು ಆಗಲೇ ನಿಂತಿತ್ತು. ಇನ್ನೊಂದೂ ನಿಂತರೆ ಬಟ್ಟೆ ಅಂಗಡಿಯಲ್ಲಿ ಕಂಡವರು ನೇಯ್ದ ಸೀರೆ ಮಡಚಬೇಕಾಗುತ್ತಲ್ಲ ಅನ್ನೋ ಭಯಕ್ಕೇ ವ್ಯಾಪಾರದ ಮಾತು ಕಲಿಸೋ ಈ ತರಬೇತಿಗೆ ಸೇರಿದೆ.

೧. ಲಿಫ್ಟು

"ದೊಡ್ಡ ಗಿರಾಕಿ ಲಿಫ್ಟಲ್ಲಿ ಸಿಕ್ಕರೆ, ಅದು ಮೇಲೆ ಹೋಗೋದ್ರೊಳಗೆ ನಿಮ್ಮ ವ್ಯಾಪಾರ ಹೇಳಿ ಮುಗಿಸಬೇಕು. ಒಂದೇ ನಿಮಿಷ" ಅಂದರು ತರಬೇತಿಯ ಮೇಷ್ಟ್ರು.

ಹನೂರಿಂದ ಬಂದಿದ್ದ ಹಪ್ಪಳದ ಅಕ್ಕ ಎದ್ದರು. "ಸಾ, ನಮ್ ಕಡೆ ಲಿಫ್ಟಿಲ್ಲ. ರಾಮಾಪುರದ ಬಸ್‌ಸ್ಟಾಪಲ್ಲಿ ಯೋಳ್ಬೋದಾ?"

"ಹೇಳಿ, ಅದಕ್ಕೇನು."

"ಅಂಗಾರೆ ಒಂದ್ ನಿಮಿಷ ಯಾಕ್ ಸಾ? ಬಸ್ ಬರೋಗಂಟ ಹಪ್ಪಳ ಕರ್ದೇ ತೋರುಸ್ಬೋದು."

೨. ಯಳಂದೂರಿನ ಬಸ್ಸು

ಅಭ್ಯಾಸಕ್ಕೆ ಅಂತ ಬಸ್ಸಲ್ಲಿ ಪಕ್ಕದ ಸೀಟಿನ ಹಿರಿಯರಿಗೆ, "ನಾನು ರೇಷ್ಮೆ ಸೀರೆ ನೇಯ್ತೀನಿ" ಅಂದೆ, ಅಷ್ಟೇ.

"ಯಾವ್ ಬೀದಿ? ಯಾರ್ ಮಗ? ಎಣ್ಣು ಎಲ್ಲಿಂದ ತಂದಿದ್ದು?"

ನಮ್ಮ ಕಡೆ ಇದು ಮುಗಿಯದೆ ವ್ಯಾಪಾರ ಶುರುವಾಗಲ್ಲ. ಯಳಂದೂರು ಬರೋಷ್ಟರಲ್ಲಿ ಅವರು ನನ್ನ ಹೆಂಡತಿಗೆ ದೂರದ ಸೋದರಮಾವ ಆಗಿಬಿಟ್ಟಿದ್ದರು. ಸೀರೆ ಮಾರಲು ಹೊರಟವನು ಅವರ ಮೊಮ್ಮಗಳ ಮದುವೆಗೆ ಒಂದು ಸೀರೆ ಉಡುಗೊರೆ ಕೊಡಲು ಒಪ್ಪಿಕೊಂಡು ಇಳಿದೆ.

೩. ಮೇಡಂ ಸೆರಗು

ತರಬೇತಿಯ ಕೊನೆಗೆ ಗಿರಾಕಿಗಳ ಸಭೆ, ಒಬ್ಬೊಬ್ಬರಿಗೂ ಒಂದೊಂದು ನಿಮಿಷ. ಮೈಸೂರಿನ ಸೀರೆ ಅಂಗಡಿಯ ಮೇಡಂ ಎದುರಿಗೆ ನಾನು, ಬೆನ್ನಿಗೆ ಹೆಂಡತಿ. ಮೇಷ್ಟ್ರು ಗಡಿಯಾರ ನೋಡಿ ತಲೆಯಾಡಿಸಿದರು. ಬಾಯಿಪಾಠ ಮಾಡಿದ್ದು ಗಂಟಲವರೆಗೂ ಬಂತು. ಅಷ್ಟರಲ್ಲಿ ಮೇಡಂ ಸೆರಗಿನಲ್ಲಿ ಒಂದು ಎಳೆ ಎದ್ದಿದ್ದು ಕಣ್ಣಿಗೆ ಬಿತ್ತು. ನೇಯೋನ ಕೈ, ಕೇಳುತ್ತಾ?

"ಅಂಗೇ ನಿಂತ್ಕಳಿ ಮೇಡಂ" ಅಂದವನೇ ಸೆರಗು ಹಿಡಿದು ಎಳೆ ಕೂಡಿಸತೊಡಗಿದೆ. ಹಿಂದಿನಿಂದ ಹೆಂಡತಿ ಚಿವುಟಿದಳು. ಎಳೆ ಕೂತಾಗ ನಿಮಿಷ ಮುಗಿಯುತ್ತಾ ಬಂದಿತ್ತು, ನಮ್ಮ ಸೀರೆ ಬಗ್ಗೆ ನಾನು ಒಂದಕ್ಷರ ಹೇಳಿರಲಿಲ್ಲ.

ಹೆಂಡತಿ ಮುಂದೆ ಬಂದಳು. "ಮೇಡಂ, ಇದ್ನ ಯಾರ್ ನೇಯ್ದಿದ್ರೋ ಕಾಣೆ. ನಮ್ ಮಗ್ಗದ್ ಸೀರೇಲಿ ಎಳೆ ಏಳಕಿಲ್ಲ."

ಮೇಡಂ ಸೆರಗು ತಿರುಗಿಸಿ ನೋಡಿದರು. ಕೂಡಿಸಿದ ಜಾಗ ಕಾಣಲಿಲ್ಲ. ನಕ್ಕು, ಇಪ್ಪತ್ತು ಸೀರೆಗೆ ಆರ್ಡರ್ ಬರೆದರು. ಎರಡು ಮಗ್ಗಕ್ಕೂ ಕೆಲಸ. ನನಗೆ ಅಳುವೇ ಬಂತು.

ಮನೆಗೆ ಬರುವಾಗ ಹೆಂಡತಿಗೆ ಮೆತ್ತಗೆ ಹೇಳಿದೆ. "ಲೇ, ಆ ಅಂಚು ನೋಡ್ದೆ. ನಾಕ್ ವರ್ಷದ ಇಂದೆ ನಾನೇ ನೇಯ್ದು ವ್ಯಾಪಾರಿಗೆ ಕೊಟ್ಟಿದ್ ಸೀರೆ ಅದು."

"ಗೊತ್ತು ಕಣ್ರಿ, ಬಣ್ಣ ಆರ್ಸಿದ್ದು ನಾನೇ ಅಲ್ವಾ? ನೀವೆಲ್ಲಿ ಅಲ್ಲೇ ಒಪ್ಕಂಬುಡ್ತೀರೋ ಅಂತಾನೇ ಬಾಯಾಕಿದ್ದು."