ನಾಲ್ಕು ಮನೆ, ಒಂದೇ ಬಣ್ಣ

ಸಂಬಳ ಕಡಿಮೆಯಾದರೆ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಯಾವುದು, ಹೇಳಿ ನೋಡೋಣ. ಊಟವಲ್ಲ, ಬಟ್ಟೆಯಲ್ಲ, ಕರೆಂಟೂ ಅಲ್ಲ. ಗಂಡನ ಮಾತಿನ ತೂಕ.

ನಾನೊಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಂದರೆ ಇತರರು ಮಾಡಿದ ತಪ್ಪುಗಳಿಂದ ಹೊಟ್ಟೆ ಹೊರೆಯುವವನು. (ನನ್ನ ಸ್ವಂತ ತಪ್ಪುಗಳಿಗೂ ಸಂಬಳ ಕೊಡುವವರಿದ್ದರೆ ಈ ವೇಳೆಗೆ ಮೂರಂತಸ್ತಿನ ಮನೆ ಕಟ್ಟಿಸಿರುತ್ತಿದ್ದೆ.) ವರ್ಷದ ಮೊದಲ ದಿನವೇ ನಮ್ಮ ಮಾಲೀಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಈ ವರ್ಷ ಆರ್ಡರುಗಳು ಕಡಿಮೆ, ಆದ್ದರಿಂದ ಎಲ್ಲರಿಗೂ ಮುಕ್ಕಾಲು ಸಂಬಳ, ಪ್ರೀತಿ ಮಾತ್ರ ಪೂರ್ತಿ ಎಂದು ಘೋಷಿಸಿದರು. ದಿನಸಿ ಅಂಗಡಿಯವನು ಪ್ರೀತಿಯನ್ನು ತೆಗೆದುಕೊಳ್ಳುವುದಿಲ್ಲ. ನಾನು ವಿಚಾರಿಸಿ ನೋಡಿದ್ದೇನೆ.

ಮನೆಗೆ ಬಂದು ಸುದ್ದಿ ಹೇಳಿದರೆ ನನ್ನಾಕೆ ಅಳಲೂ ಇಲ್ಲ, ರೇಗಲೂ ಇಲ್ಲ. ಹೊಲಿಗೆ ಯಂತ್ರದ ಮುಂದಿನಿಂದ ಎದ್ದಳು, ಕೈಯಲ್ಲಿದ್ದ ಕತ್ತರಿಯನ್ನು ಪಕ್ಕಕ್ಕಿಟ್ಟಳು, ಗೆರೆ ಹಾಕಿದ ಒಂದು ನೋಟುಬುಕ್ಕು ತೆಗೆದಳು. ಮರುದಿನ ಬೆಳಗಿನ ಚಹಾದ ಹೊತ್ತಿಗೆ ನಮ್ಮ ಸಂಸಾರದ ವಾರ್ಷಿಕ ಮುಂಗಡಪತ್ರ ಸಿದ್ಧವಾಗಿತ್ತು. ಮಂಡಿಸುವವಳು ಮಾನ್ಯ ವಿತ್ತ ಸಚಿವೆ. ಕೇಳುವವನು ವಿರೋಧ ಪಕ್ಷ, ಸದಸ್ಯಬಲ ಒಂದು.

ನನ್ನ ಕಸುಬಿನ ಚಟ ಬಿಡಬೇಕಲ್ಲ. ಪುಸ್ತಕ ಕಿತ್ತುಕೊಂಡು ನೋಡಿದೆ. ಮೊದಲ ಸಾಲಿನಲ್ಲೇ ‘ಈ ವರ್ಷ ಕುರ್ಚಿ ಕಡಿಮೆ ಮಾಡಬೇಕು’ ಎಂದಿತ್ತು.

"ನೋಡು, ಇಲ್ಲಿ ತಪ್ಪಿದೆ. ಇದು ಕುರ್ಚಿ ಅಲ್ಲ, ಖರ್ಚು."

"ತಪ್ಪೇನಿಲ್ಲ ಬಿಡಿ. ನೀವು ಕುರ್ಚೀಲಿ ಕೂರೋದು ಕಡಿಮೆ ಆದ್ರೆ ಖರ್ಚೂ ತಾನೇ ಕಡಿಮೆ ಆಗುತ್ತೆ. ನಲ್ಲಿಗೆ ವಾಷರ್ ಹಾಕೋಕೂ ಹೊರಗಿನವರನ್ನ ಕರೀತೀರಲ್ಲ!"

ವಿರೋಧ ಪಕ್ಷ ಸಭಾತ್ಯಾಗ ಮಾಡಿತು.

ಅಂದಿನಿಂದ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಸಾವು ಎಂಬುದಿಲ್ಲ, ಬರೀ ಪುನರ್ಜನ್ಮ. ನನ್ನ ಹಳೆಯ ಕಂದು ಪ್ಯಾಂಟು ಅಡುಗೆಮನೆಯ ಕಿಟಕಿಗೆ ಪರದೆಯಾಯಿತು, ಜೇಬು ಸಮೇತ. ಇವಳು ಆ ಜೇಬಿನಲ್ಲಿ ಕರೆಂಟು ಬಿಲ್ಲು ಇಡತೊಡಗಿದಳು. ಪ್ಯಾಂಟು ನನ್ನ ಮೈಮೇಲಿದ್ದಾಗಲೂ ಅದರ ಜೇಬಿನಲ್ಲಿ ಬಿಲ್ಲುಗಳಲ್ಲದೆ ಬೇರೇನೂ ಇರುತ್ತಿರಲಿಲ್ಲವಾದ್ದರಿಂದ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಹೀಗೆ ಎರಡು ತಿಂಗಳು ಬಿಗಿಹಿಡಿದು ಸಾಗಿಸಿದೆವು. ಮೂರನೆಯ ತಿಂಗಳ ಮೊದಲ ದಿನ ಮನೆ ಮಾಲೀಕರು ಬಂದರು. ನಾವಿರುವುದು ಅವರದೇ ಕಟ್ಟಡದಲ್ಲಿ. ಕೆಳಗೆ ಎರಡು ಮನೆ, ಮೇಲೆ ಎರಡು. ಅವರು ನಾಲ್ಕೂ ಮನೆಯ ಗೋಡೆಗಳನ್ನು ಬೆರಳಿನಿಂದ ಉಜ್ಜಿದರು. ಬೆರಳಿಗೆ ಅಂಟಿದ ಸುಣ್ಣದ ಪುಡಿಯನ್ನು ನಮಗೆಲ್ಲ ತೋರಿಸಿದರು.

"ಮೂರು ತಿಂಗಳು ಟೈಮ್ ಕೊಡ್ತೀನಿ. ಅಷ್ಟರಲ್ಲಿ ನೀವೇ ಬಣ್ಣ ಮಾಡಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ನಾನೇ ಮಾಡಿಸಿ ಬಾಡಿಗೆಗೆ ಸೇರಿಸ್ತೀನಿ. ಆಮೇಲೆ ನನ್ನನ್ನ ಕೆಟ್ಟವನು ಅನ್ಬೇಡಿ."

ಬಾಡಿಗೆ ಏರಿದರೆ ನಾವು ಊರಾಚೆಗೆ ಹೋಗಬೇಕಾಗುತ್ತಿತ್ತು. ಅಲ್ಲಿಗೆ ಇವಳ ಹೊಲಿಗೆಯ ಗಿರಾಕಿಗಳು ಬರುವುದಿಲ್ಲ. ಆ ದಿನ ಇವಳು ನೋಟುಬುಕ್ಕನ್ನು ಹಿಂದೆ ಮುಂದೆ ಮೂರು ಸಲ ತಿರುವಿ, ಸುಮ್ಮನೆ ಮುಚ್ಚಿಟ್ಟಳು. ಇವಳು ರೇಗಿದರೆ ನನಗೆ ರೂಢಿ ಇದೆ. ಸುಮ್ಮನಾದರೆ ಕೈಕಾಲು ಆಡುವುದಿಲ್ಲ. ಆ ಮೌನದ ಭಾರ ತಾಳಲಾರದೆಯೇ ನನ್ನ ತಲೆಯಲ್ಲಿ ಆ ದಿವ್ಯ ಯೋಜನೆ ಹುಟ್ಟಿದ್ದು.

ಭಾನುವಾರ ನಾಲ್ಕೂ ಮನೆಯವರನ್ನು ನಮ್ಮ ಹಾಲಿಗೆ ಕರೆದೆ. ಕೆಳಗಿನ ಮನೆಯಿಂದ ಸಲೂನ್ ತಾತ ಬಂದರು. ನಲವತ್ತು ವರ್ಷ ಸಲೂನು ನಡೆಸಿ, ಈಗ ಅದನ್ನು ಮುಚ್ಚಿ ಮನೆಯಲ್ಲಿ ಕೂತವರು. ಅವರ ಪಕ್ಕದ ಮನೆಯ ರಿಪೇರಿ ಮಾಮ ಬಂದರು. ಮಿಕ್ಸಿಯಿಂದ ಹಿಡಿದು ಫ್ಯಾನಿನವರೆಗೆ ಅವರು ಬಿಚ್ಚದ ವಸ್ತುವಿಲ್ಲ. ಜೋಡಿಸಿದ ಮೇಲೆ ಒಂದು ಸ್ಕ್ರೂ ಮಿಗದ ವಸ್ತುವೂ ಇಲ್ಲ. ("ಉಳಿತಾಯ ಅಂದ್ರೆ ಇದೇ ಸ್ವಾಮಿ" ಎನ್ನುತ್ತಾರೆ.) ಮೇಲೆ ನಮ್ಮ ಎದುರು ಮನೆಯ ಸಿಸ್ಟರ್, ಆಸ್ಪತ್ರೆಯ ನರ್ಸು, ಡ್ಯೂಟಿ ಮುಗಿಸಿ ಬಂದವರು ಕೂರುವ ಮೊದಲೇ ನನ್ನ ನಾಡಿ ಹಿಡಿದು ನೋಡಿದರು.

ನಾನು ಎದ್ದು ನಿಂತು ಭಾಷಣ ಮಾಡಿದೆ. ಪರಸ್ಪರ ಸಹಾಯವೇ ಸಂಸಾರ ಸಾಗರಕ್ಕೆ ಸೇತುವೆ. ನಾಲ್ಕು ಮನೆಯವರೂ ತಮ್ಮ ತಮ್ಮ ಕಸುಬನ್ನು ಉಳಿದ ಮೂರು ಮನೆಗೆ ಪುಕ್ಕಟೆ ಧಾರೆಯೆರೆಯಬೇಕು. ಯಾರೂ ಹೊರಗೆ ಕಾಸು ಬಿಚ್ಚಬಾರದು. ಹಾಗೆ ಉಳಿದ ಶಕ್ತಿಯಿಂದ ನಾಲ್ಕೂ ಮನೆಗೆ ನಾವೇ ಬಣ್ಣ ಬಳಿಯಬೇಕು.

"ಕೂದಲು ನನ್ನ ಪಾಲಿಗೆ" ಎಂದರು ತಾತ, ಕಣ್ಣರಳಿಸಿ.

"ರಿಪೇರಿ ನಂದು" ಎಂದರು ಮಾಮ.

"ಗಾಯ, ಜ್ವರ, ಬಿಪಿ ನನಗಿರಲಿ" ಎಂದರು ಸಿಸ್ಟರ್.

"ಹೊಲಿಗೆ ಎಲ್ಲಾ ನಾನು ನೋಡ್ಕೋತೀನಿ" ಎಂದಳು ಇವಳು.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಯಜಮಾನ್ರು ಏನ್ ಮಾಡ್ತಾರಮ್ಮ?" ತಾತ ಇವಳನ್ನು ಕೇಳಿದರು.

"ತಪ್ಪು ಹುಡುಕ್ತಾರೆ ತಾತ."

ಅವರೆಲ್ಲ ನಕ್ಕ ನಗೆ ಇದೆಯಲ್ಲ, ಅದು ನನ್ನ ಸ್ವಾಭಿಮಾನದ ಬುಡಕ್ಕೇ ಬಿತ್ತು. "ಬಣ್ಣದ ಕೆಲಸ ನನ್ನದು! ಚಿಕ್ಕಂದಿನಿಂದ ಕೈಪಳಗಿದೆ" ಎಂದುಬಿಟ್ಟೆ. (ಹನ್ನೆರಡನೆಯ ವಯಸ್ಸಿನಲ್ಲಿ ಸೋದರಮಾವನ ಮನೆಯ ಗೇಟಿಗೆ ಬಣ್ಣ ಬಳಿದಿದ್ದೆ. ಅರ್ಧ ಗೇಟಿಗೆ. ಉಳಿದರ್ಧ ನನ್ನ ಅಂಗಿಗೆ.) ಬಾಯಿಗೆ ಬಂದದ್ದು ಬರೀ ಬಣ್ಣದ ಮಾತೆಂದು ಇವಳಿಗೆ ಗೊತ್ತಿತ್ತು. ಆದರೂ ನಾಲ್ಕು ಜನರೆದುರು ಗಂಡನ ಮರ್ಯಾದೆ ಉಳಿಸಲು "ಹೌದು ಹೌದು, ಹೇಳ್ತಿದ್ರು" ಎಂದಳು. ಮದುವೆಯಾದವಳು ಹೀಗೆ ಒಂದೊಂದು ಸಲ ಪಕ್ಷ ಬದಲಾಯಿಸುತ್ತಾಳೆ, ಅದೇ ಬದುಕಿನ ಸೊಗಸು.

ಯೋಜನೆ ಭರದಿಂದ ಜಾರಿಗೆ ಬಂತು. ತಲೆ ಸಿಗದೆ ಎರಡು ವರ್ಷದಿಂದ ಕೈ ಕಡಿಯುತ್ತಿದ್ದ ತಾತನಿಗೆ ನನ್ನ ತಲೆಯೇ ಹತ್ತಿರದ್ದಾಯಿತು. ಎಂಟು ದಿನಕ್ಕೊಮ್ಮೆ ಮೆಟ್ಟಿಲ ಬಳಿ ಹಿಡಿದು ಕೂರಿಸಿ, "ಕಿವಿ ಹತ್ರ ಸ್ವಲ್ಪ ಉಳಿದಿದೆ ಯಜಮಾನ್ರೇ" ಎಂದು ಕತ್ತರಿ ಆಡಿಸುತ್ತಿದ್ದರು. ಮುದ್ರಣಾಲಯದಲ್ಲಿ ಎಲ್ಲರೂ ನನಗೆ ದೊಡ್ಡ ಜ್ವರ ಬಂದು ಹೋಯಿತೇ ಎಂದು ಕೇಳತೊಡಗಿದರು.

ಬಣ್ಣಕ್ಕೂ ದಾರಿಯಾಯಿತು. ಪೇಂಟ್ ಅಂಗಡಿಯವರ ಮೂರು ಫ್ಯಾನುಗಳನ್ನು ಮಾಮ ರಿಪೇರಿ ಮಾಡಿಕೊಟ್ಟರು, ಅವರ ಮನೆಯ ಪರದೆಗಳನ್ನೆಲ್ಲ ಇವಳು ಹೊಲಿದುಕೊಟ್ಟಳು. ಬದಲಿಗೆ ಅವರು ವರ್ಷಗಳಿಂದ ಮಾರಾಟವಾಗದೆ ಉಳಿದಿದ್ದ ಡಬ್ಬಗಳನ್ನೆಲ್ಲ ಕೊಟ್ಟರು. ಚೀಟಿ ಉದುರಿಹೋಗಿದ್ದರಿಂದ ಯಾವುದರಲ್ಲಿ ಯಾವ ಬಣ್ಣವೆಂದು ಅವರಿಗೂ ಗೊತ್ತಿರಲಿಲ್ಲ. ನಾಲ್ಕು ಮನೆಯಲ್ಲಿ ಯಾರಿಗೂ ಹೆಚ್ಚು ಕಡಿಮೆ ಆಗಬಾರದೆಂದು ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು, ಕೋಲಿನಿಂದ ತಿರುವಿದೆ.

"ಹಸಿರು" ಎಂದಳು ಇವಳು, ಬಗ್ಗಿ ನೋಡಿ.

"ಬೂದಿ ಬಣ್ಣ ಅಲ್ವಾ?" ಎಂದರು ತಾತ.

ಸಿಸ್ಟರ್ ಕನ್ನಡಕ ಏರಿಸಿ ನೋಡಿದರು. "ಪೆಟ್ಟು ಬಿದ್ದ ಮೂರನೇ ದಿನ ಚರ್ಮ ಹೀಗಾಗುತ್ತೆ."

ಶುಭಾರಂಭ ನಮ್ಮ ಮನೆಯಿಂದಲೇ. ಮಾಮ ತಮ್ಮ ಮರದ ಏಣಿಯನ್ನು ಹೊತ್ತು ತಂದು, "ನಿನ್ನೆ ತಾನೇ ಬಿಗಿ ಮಾಡಿದೀನಿ, ಧೈರ್ಯವಾಗಿ ಹತ್ತಿ" ಎಂದರು. ನಾನು ತಲೆಗೆ ಟವೆಲು ಸುತ್ತಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಬ್ರಷ್ಷು ಹಿಡಿದು, ದಂಡಯಾತ್ರೆಗೆ ಹೊರಟ ಸೇನಾಧಿಪತಿಯಂತೆ ಏರಿದೆ. ಛಾವಣಿಯ ಅಂಚಿಗೆ ಒಂದು ಗೆರೆ ಎಳೆದೆ. ಗೆರೆ ಬಹಳ ಚೆನ್ನಾಗಿಯೇ ಬಂತು. ಅದನ್ನು ದೂರದಿಂದ ನೋಡಿ ಆನಂದಿಸೋಣವೆಂದು ಸ್ವಲ್ಪ ಹಿಂದಕ್ಕೆ ವಾಲಿದೆ.

ಮಾಮ ಜೇಬಿನಿಂದ ಏನನ್ನೋ ತೆಗೆದು, "ಅರೆ, ಈ ಸ್ಕ್ರೂ ಯಾವುದರದ್ದು?" ಎಂದದ್ದು ನನಗೆ ಕೇಳಿಸಿತು. ಆಮೇಲೆ ಏಣಿ ಒಂದು ಕಡೆ, ನಾನೊಂದು ಕಡೆ. ಬಕೆಟ್ಟು ಮಾತ್ರ ನೆಟ್ಟಗೆ ನನ್ನ ಮೇಲೆ.

"ಅಯ್ಯೋ, ರೀ!" ಇವಳು ಯಂತ್ರ ಬಿಟ್ಟು ಓಡಿ ಬಂದಳು. ನಾನು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಬಣ್ಣ ಎಷ್ಟು ಹಾಳಾಯ್ತು?" ಎಂದು. ಇವಳು ಗಾಬರಿಯಲ್ಲೂ ನಕ್ಕುಬಿಟ್ಟಳು. ಆಮೇಲೆ ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ಕಿವಿಯೊಳಗಿನ ಬಣ್ಣ ಒರೆಸುತ್ತ ಅತ್ತಳು. ಹನ್ನೊಂದು ವರ್ಷದಲ್ಲಿ ಯಾವ ಮುಂಗಡಪತ್ರದಲ್ಲೂ ನನಗೆ ಇಷ್ಟು ದೊಡ್ಡ ಅನುದಾನ ಸಿಕ್ಕಿರಲಿಲ್ಲ.

ಸಿಸ್ಟರ್ ನನ್ನ ಕಾಲು ಹಿಸುಕಿ ನೋಡಿ, ಮೂಳೆ ಮುರಿದಿಲ್ಲ, ಉಳುಕಿದೆ ಎಂದು ಪಟ್ಟಿ ಕಟ್ಟಿದರು. "ಮೂರು ವಾರ ನೆಲಕ್ಕೆ ಕಾಲಿಡೋ ಹಾಗಿಲ್ಲ. ಇಟ್ರೆ ಇಂಜೆಕ್ಷನ್." ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಹಾಸಿಗೆ ಇದ್ದಷ್ಟೇ ಇತ್ತು, ಕಾಲು ಮಾತ್ರ ಊದಿ ಎರಡರಷ್ಟಾಗಿತ್ತು. ಮೂರನೆಯ ದಿನ ಪಟ್ಟಿ ಬಿಚ್ಚಿ ನೋಡಿದರೆ, ಸಿಸ್ಟರ್ ಹೇಳಿದಂತೆಯೇ, ನನ್ನ ಕಾಲೂ ಡ್ರಮ್ಮಿನ ಬಣ್ಣವೂ ಒಂದೇ.

ಇನ್ನು ಬಣ್ಣದ ಕೆಲಸ ನಿಂತೇಹೋಯಿತೆಂದು ನಾನು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ತಾತ ಬ್ರಷ್ಷು ಹಿಡಿದು ನಿಂತಿದ್ದಾರೆ.

"ತಾತ, ನಿಮಗ್ಯಾಕೆ ಕಷ್ಟ? ಇದು ನನ್ನ ಪಾಲಿನ ಕೆಲಸ."

"ಗಡ್ಡಕ್ಕೆ ಸೋಪು ಹಚ್ಚಿದ ಕೈ ಇದು ಯಜಮಾನ್ರೇ. ಗೋಡೆ ಏನು, ದೊಡ್ಡ ಗಡ್ಡ ಅಷ್ಟೆ. ಅದೂ ಮುಖ ಅಲ್ಲಾಡಿಸಲ್ಲ."

ನಿಜಕ್ಕೂ ಅವರ ಕೈಯ ನಯವೇ ಬೇರೆ. ಮಾಮ ಸ್ಕ್ರೂ ಹಾಕಿದ ಏಣಿ ತಂದು, ಪ್ರಾಯಶ್ಚಿತ್ತವೆಂಬಂತೆ ಛಾವಣಿಗಳನ್ನೆಲ್ಲ ತಾವೇ ವಹಿಸಿಕೊಂಡರು. ಸಿಸ್ಟರ್ ಡ್ಯೂಟಿಯಿಂದ ಬಂದವರೇ ಕಿಟಕಿ ಬಾಗಿಲುಗಳಿಗೆ ನಿಂತರು. ಒಂದು ಹನಿ ನೆಲಕ್ಕೆ ಬೀಳಿಸುತ್ತಿರಲಿಲ್ಲ. ಇವಳು ಹಳೆ ಬಟ್ಟೆಯಿಂದ ಎಲ್ಲರಿಗೂ ಟೋಪಿ ಹೊಲಿದುಕೊಟ್ಟಳು. ಇಪ್ಪತ್ತೈದು ದಿನದಲ್ಲಿ ನಾಲ್ಕೂ ಮನೆ ಮುಗಿಯಿತು. ಒಣಗಿದ ಮೇಲೆ ಆ ಬಣ್ಣ ಎಷ್ಟು ತಂಪಾಗಿ ಕಾಣಿಸಿತೆಂದರೆ ಎಲ್ಲರೂ ಅದಕ್ಕೆ ಹೆಸರು ಹುಡುಕುವುದನ್ನೇ ಬಿಟ್ಟರು. ಒಂದು ಸಂಜೆ ಇವಳು ನನ್ನ ಮಂಚದ ತುದಿಯಲ್ಲಿ ಕೂತು ಗೋಡೆಯನ್ನೇ ನೋಡುತ್ತ, "ನಮ್ಮ ಮನೆ ಅನ್ಸುತ್ತೆ ಅಲ್ವೇನ್ರೀ?" ಎಂದಳು. ಬಾಡಿಗೆಯ ಮನೆಯಲ್ಲಿ ಹನ್ನೊಂದು ವರ್ಷವಿದ್ದು ಆ ಮಾತು ಕೇಳಿದ್ದು ಅದೇ ಮೊದಲು. ನಾನು ಕಣ್ಣೊರೆಸಿಕೊಂಡೆ. ಅದಕ್ಕೆ ಬಣ್ಣದ ವಾಸನೆ ಕಾರಣ ಎಂದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಗಡುವಿನ ದಿನ ಮನೆ ಮಾಲೀಕರು ಬಂದರು. ನನ್ನ ಕಾಲು ಅಷ್ಟರಲ್ಲಿ ವಾಸಿಯಾಗಿತ್ತು. ಅವರು ಗೋಡೆ ಉಜ್ಜಿದರು; ಬೆರಳಿಗೆ ಏನೂ ಅಂಟಲಿಲ್ಲ. ಮೂಲೆಗಳನ್ನು ನೋಡಿದರು, ಛಾವಣಿ ನೋಡಿದರು. "ಭಲೇ! ಯಾವ ಪೇಂಟರ್ ರೀ ಇದು? ಇಷ್ಟು ನೀಟಾಗಿ ನಾನು ನೋಡೇ ಇಲ್ಲ" ಎಂದರು.

ಆ ಕ್ಷಣ ಹಾಲಿನಲ್ಲಿ ಅವರು, ನಾನು ಇಬ್ಬರೇ. ಹಾಗೆಂದು ನಾನು ತಿಳಿದಿದ್ದೆ.

"ಪೇಂಟರ್ ಯಾಕೆ ಸಾರ್?" ಎಂದೆ, ವಿನಯದಿಂದ ಉಗುರು ನೋಡಿಕೊಳ್ಳುತ್ತ. "ಚಿಕ್ಕಂದಿನಿಂದ ಕೈಪಳಗಿದೆ. ನಾಲ್ಕೂ ಮನೆ ನಾನೇ..."

ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಬಾಗಿಲಲ್ಲಿ ತಾತ, ಮಾಮ, ಸಿಸ್ಟರ್. ಅವರ ಮುಂದೆ ಚಹಾದ ತಟ್ಟೆ ಹಿಡಿದ ಇವಳು. ಗೋಡೆಗೆ ಬಣ್ಣ ಬಂದಿತ್ತು, ನನ್ನ ಬಣ್ಣ ಬಯಲಾಗಿತ್ತು. ಅವರಲ್ಲಿ ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು.

ಮಾಲೀಕರು ನನ್ನ ಕೈ ಹಿಡಿದು ಕುಲುಕಿದರು. "ಬಾಡಿಗೆ ಎರಡು ವರ್ಷ ಮುಟ್ಟಲ್ಲ, ಹೋಗಿ. ಒಂದೇ ಒಂದು ಉಪಕಾರ ಮಾಡ್ಬೇಕು. ನಮ್ಮ ಮನೆಗೂ ನೀವೇ ಬಳಿದುಕೊಡಿ. ಎರಡೇ ಅಂತಸ್ತು. ಬಣ್ಣ ಎಲ್ಲಾ ತರಿಸಿಟ್ಟಿದೀನಿ."

ನಾನು ಇವಳ ಮುಖ ನೋಡಿದೆ. ಕಾಪಾಡು ಎಂದು ಕಣ್ಣಲ್ಲೇ ಬೇಡಿದೆ.

"ಅದಕ್ಕೇನಂತೆ ಸಾರ್, ಭಾನುವಾರವೇ ಬರ್ತಾರೆ" ಎಂದಳು ಇವಳು. "ಅವರಿಗೆ ಕುರ್ಚೀಲಿ ಸುಮ್ನೆ ಕೂತು ರೂಢಿ ಇಲ್ಲ."

ಭಾನುವಾರ ಬೆಳಿಗ್ಗೆ ಒಬ್ಬನೇ ಹೊರಟೆ. ಯಾರ ಮುಖ ನೋಡುವ ಧೈರ್ಯವೂ ಇರಲಿಲ್ಲ. ಮಾಲೀಕರ ಮನೆಯ ಹೊರಗೋಡೆ ಆಕಾಶ ಮುಟ್ಟುವಂತೆ ನಿಂತಿತ್ತು. ಅದಕ್ಕೊರಗಿಸಿದ ಏಣಿಯ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ಎರಡು ಸಲ ಎಣಿಸಿದೆ. ಅಷ್ಟರಲ್ಲಿ ಗೇಟು ಸದ್ದಾಯಿತು. ತಾತ, ಮಾಮ, ಸಿಸ್ಟರ್, ಹಿಂದೆ ಇವಳು. ನಾಲ್ವರೂ ಬಂದಿದ್ದರು.

ನನ್ನ ಕಣ್ಣು ತುಂಬಿ ಬಂತು. "ತಾತ, ನನ್ನಿಂದ ತಪ್ಪಾಯ್ತು. ನೀವು ಬಂದ್ರಲ್ಲ, ಅದೇ ದೊಡ್ಡದು. ನೀವು ಕೆಳಗಿನ ಗೋಡೆ ಶುರು ಮಾಡಿ..."

"ಛೆ ಛೆ, ಬಳಿಯೋದು ನೀವೇ ಯಜಮಾನ್ರೇ" ಎಂದರು ತಾತ. "ಕೈಪಳಗಿದೋರು ಇರೋವಾಗ ನಾವು ಬ್ರಷ್ ಮುಟ್ಟಬಾರದು. ನಾವು ಬಂದಿರೋದು ಹಿಡ್ಕೊಳ್ಳೋಕೆ."

"ಏಣೀನಾ?"

"ನಿಮ್ಮನ್ನ."

ಮಾಮ ಕಂಕುಳಲ್ಲಿದ್ದ ದಪ್ಪ ಜಮಖಾನ ಬಿಚ್ಚಿದರು. ನಾಲ್ವರೂ ಏಣಿಯ ಕೆಳಗೆ ಒಂದೊಂದು ಮೂಲೆ ಹಿಡಿದು, ಬಿಗಿಯಾಗಿ ಎಳೆದು ನಿಂತರು. ಪರಸ್ಪರ ಸಹಾಯಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ನಾನು ಬಕೆಟ್ಟು ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಏರಿದೆ. ಐದನೆಯ ಮೆಟ್ಟಿಲಲ್ಲಿ ಕೆಳಗೆ ನೋಡಿದೆ. ನಾಲ್ಕು ಮುಖಗಳು ಮೇಲೆ ನೋಡುತ್ತಿದ್ದವು, ತುಂಬು ಪ್ರೀತಿಯಿಂದ, ತುಂಬು ನಿರೀಕ್ಷೆಯಿಂದ.

"ರೀ, ಹುಷಾರು!" ಎಂದು ಕೂಗಿದಳು ಇವಳು. "ಬೀಳೋದಾದ್ರೆ ಹನ್ನೆರಡರ ಒಳಗೆ ಬೀಳಿ. ಸಿಸ್ಟರ್‌ಗೆ ಆಮೇಲೆ ಡ್ಯೂಟಿ ಇದೆ."